ಎನಾಮೆಲ್‌ಗೆ ಬೆಳಕಿನ ಪುಟ

ಲೇಸರ್ ಕಿರಣ ಜೀವಂತ ಮನುಷ್ಯನ ಹಲ್ಲಿಗೆ ಬಿದ್ದ ಮೊದಲ ಪ್ರಸಂಗ 1965ರದು. ಕಿರಣ ಹಾಯಿಸಿದವರು ಚರ್ಮವೈದ್ಯರು, ಹಲ್ಲು ಒಡ್ಡಿದವರು ದಂತವೈದ್ಯರು. ಅಮೆರಿಕದ ಸಿನ್ಸಿನಾಟಿಯ ಲಿಯೋನ್ ಗೋಲ್ಡ್‌ಮನ್ ತಮ್ಮ ಸಹೋದರ ಬರ್ನಾರ್ಡ್ ಅವರ ಹಲ್ಲಿನ ಮೇಲೆ ಮಾಣಿಕ್ಯ ಲೇಸರ್‌ನ ಎರಡು ಕೆಂಪು ಮಿಡಿತಗಳನ್ನು ಹರಿಸಿದರು. ನೋವಾಗಲಿಲ್ಲ, ಹಲ್ಲಿನ ಮೇಲ್ಮೈಗೆ ತುಸು ಪೆಟ್ಟಾಯಿತು. ಥಿಯೋಡರ್ ಮೈಮನ್ ಕ್ಯಾಲಿಫೋರ್ನಿಯದಲ್ಲಿ ಜಗತ್ತಿನ ಮೊದಲ ಲೇಸರನ್ನು ಬೆಳಗಿಸಿ ಆಗಿನ್ನೂ ಐದೇ ವರ್ಷ. ಗರಗರ ಸದ್ದಿನ ಡ್ರಿಲ್ ಮೂಲೆ ಸೇರುವ ದಿನ ಬಂತೆಂದು ದಂತವೈದ್ಯಲೋಕ ಕಣ್ಣರಳಿಸಿತ್ತು.

ಆ ಆಸೆ ಕೈಗೂಡಲು ಇನ್ನೂ ಮೂರು ದಶಕ ಬೇಕಾಯಿತು. ಆದರೆ ಕೊರೆಯಲು ಹೊರಟವರ ಕೈಗೆ ಬೇರೆಯದೇ ಒಂದು ಸಿಕ್ಕಿತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟರ್ನ್ ಮತ್ತು ರೀಡಾರ್ ಸಾಗ್ನಾಸ್ ಕಿತ್ತ ಹಲ್ಲುಗಳ ಮೇಲೆ ಮಾಣಿಕ್ಯ ಲೇಸರ್ ಪ್ರಯೋಗಿಸುತ್ತಿದ್ದರು. ಬೆಳಕು ಬಿದ್ದ ಜಾಗ ಗಾಜಿನಂತೆ ಕರಗಿ ಹೆಪ್ಪುಗಟ್ಟುತ್ತಿತ್ತು. ಆ ಹಲ್ಲುಗಳನ್ನು ಆಮ್ಲದಲ್ಲಿ ಅದ್ದಿದಾಗ ಬೆಳಕು ಕಾಣದ ಭಾಗ ಸವೆಯಿತು, ಬೆಳಕು ಕಂಡ ಭಾಗ ತಡೆದುಕೊಂಡು ನಿಂತಿತು. ಹುಳುಕು ಎಂದರೆ ಮೂಲತಃ ಆಮ್ಲ ಹಲ್ಲನ್ನು ಕರಗಿಸುವ ಕ್ರಿಯೆಯೇ ಆದ್ದರಿಂದ ಅವರಿಗೆ ಇದರ ಅರ್ಥ ಹೊಳೆಯಲು ತಡವಾಗಲಿಲ್ಲ. ಹಲ್ಲು ಕೊರೆಯಲು ತಂದ ಬೆಳಕು, ಕೊರೆಯುವ ಪ್ರಮೇಯವೇ ಬಾರದಂತೆ ಹಲ್ಲನ್ನು ಗಟ್ಟಿಮಾಡಬಹುದು.

ಈ ಸಾಧ್ಯತೆಯ ಬೆಲೆ ಸಾಗ್ನಾಸ್ ಅವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ನಾರ್ವೆಯಲ್ಲಿ ಹುಟ್ಟಿದ ಅವರು 1937-38ರ ನಾರ್ವೇಜಿಯನ್ ವೈಜ್ಞಾನಿಕ ತಂಡದೊಡನೆ ದಂತವೈದ್ಯರಾಗಿ ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವಿನ ಒಂಟಿ ದ್ವೀಪ ಟ್ರಿಸ್ಟಾನ್ ಡ ಕುನ್ಹಾಕ್ಕೆ ಹೋಗಿದ್ದರು. ಮೀನು, ಆಲೂಗಡ್ಡೆ, ಹಾಲು, ಮೊಟ್ಟೆಗಳ ಮೇಲೆ ಬದುಕುತ್ತಿದ್ದ ಆ ದ್ವೀಪದ ಜನರಲ್ಲಿ ಹುಳುಕು ಹಲ್ಲು ಅಪರೂಪವಾಗಿತ್ತು. ಮುಂದೆ ಹಡಗುಗಳು ಸಕ್ಕರೆಯನ್ನೂ ಮೈದಾಹಿಟ್ಟನ್ನೂ ತಂದಿಳಿಸಿದಂತೆಲ್ಲ ಅಲ್ಲಿನ ಮಕ್ಕಳ ಹಲ್ಲುಗಳು ಕೆಟ್ಟವು. ಒಂದು ಸಮುದಾಯದ ಬಾಯಿ ಒಂದೇ ತಲೆಮಾರಿನೊಳಗೆ ಹಾಳಾದ ಈ ಕಥೆ ದಂತವೈದ್ಯಕೀಯದ ಇತಿಹಾಸದಲ್ಲಿ ಸೇರಿಹೋಗಿದೆ.

ಹಲ್ಲಿನ ಹೊರಕವಚವಾದ ಎನಾಮೆಲ್ ಮನುಷ್ಯನ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಶೇ. 96ರಷ್ಟು ಖನಿಜ, ಉಳಿದದ್ದು ನೀರು ಮತ್ತು ಎಳೆಯಷ್ಟು ಪ್ರೋಟೀನು. ಇದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡು ಸೀಳಿ ಹೊರಬರುವ ಹೊತ್ತಿಗೆ ಸತ್ತಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯವಾದ ಚರ್ಮ ಮಾಯುತ್ತದೆ, ಎನಾಮೆಲ್ ಮಾತ್ರ ಹೋದರೆ ಹೋಯಿತು. ಆರನೇ ವಯಸ್ಸಿನಲ್ಲಿ ಮೂಡುವ ದವಡೆಹಲ್ಲು ಅರವತ್ತರವರೆಗೂ ಅದೇ ಕವಚದಲ್ಲಿ ಬಾಳಬೇಕು.

ಆ ಖನಿಜ ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳ ಹರಳು. ಆದರೆ ಹಲ್ಲಿನಲ್ಲಿರುವುದು ಶುದ್ಧ ಹರಳಲ್ಲ. ದೇಹ ಅದನ್ನು ಕಟ್ಟುವಾಗ ಫಾಸ್ಫೇಟ್ ಕೂರಬೇಕಾದ ಕೆಲವು ಜಾಗಗಳಲ್ಲಿ ಕಾರ್ಬೊನೇಟ್ ಸೇರಿಕೊಂಡಿರುತ್ತದೆ; ಜೊತೆಗೆ ಒಂದಿಷ್ಟು ಮೆಗ್ನೀಸಿಯಂ, ಸೋಡಿಯಂ. ಕಾರ್ಬೊನೇಟ್ ಪ್ರಮಾಣ ತೂಕದಲ್ಲಿ ಶೇ. 3ರ ಆಸುಪಾಸು. ನೋಡಲು ಅಲ್ಪವೆನಿಸಿದರೂ ಹರಳಿನ ಜೋಡಣೆಯನ್ನು ಸಡಿಲಿಸಲು ಅಷ್ಟು ಸಾಕು. ಆಮ್ಲ ಮೊದಲು ಕೈಹಾಕುವುದು ಈ ಸಡಿಲ ಜಾಗಗಳಿಗೇ.

ಆಮ್ಲ ಬರುವುದಾದರೂ ಎಲ್ಲಿಂದ? ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ಹುಳಿಯಿಸಿ ಆಮ್ಲ ಮಾಡುತ್ತವೆ ಎಂದು ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1890ರಲ್ಲೇ ಸಾರಿದ್ದರು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಈ ಬಳಗದಲ್ಲಿ ಹೆಸರುವಾಸಿ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿಗಂಟಿದ ಲೋಳೆಪದರದ ಪಿಎಚ್ ಕುಸಿಯುತ್ತದೆ. 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಕ್ಯಾಲ್ಸಿಯಂ ಕರಗಿ ಹೊರಹೋಗತೊಡಗುತ್ತದೆ. ಜೊಲ್ಲು ನಿಧಾನವಾಗಿ ಆಮ್ಲವನ್ನು ತಗ್ಗಿಸಿ ಕಳೆದ ಖನಿಜವನ್ನು ಒಂದಷ್ಟು ಹಿಂದಿರುಗಿಸುತ್ತದೆ. ಇದಕ್ಕೆ ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟರೊಳಗೆ ಮತ್ತೊಂದು ಚಾಕೊಲೇಟ್, ಇನ್ನೊಂದು ಬಿಸ್ಕತ್ತು ಬಂದರೆ ಜೊಲ್ಲಿಗೆ ಬಿಡುವೇ ಸಿಗದು. ಹೀಗೆ ದಿನವೂ ನಡೆಯುವ ಜಗ್ಗಾಟದಲ್ಲಿ ನಷ್ಟದ ಕೈ ಮೇಲಾದಾಗ ಮೊದಲು ಬಿಳಿ ಮಚ್ಚೆ, ಆಮೇಲೆ ತೂತು.

ಲೇಸರ್ ಕೈಹಾಕುವುದು ಈ ಹರಳಿನ ರಚನೆಗೆ. ಎನಾಮೆಲ್ಲಿನ ಮೇಲ್ಪದರ ಕ್ಷಣಮಾತ್ರ ಕೆಲವು ನೂರು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಕಾರ್ಬೊನೇಟ್ ಹೊರಬಿದ್ದು ಅನಿಲವಾಗಿ ಹಾರಿಹೋಗುತ್ತದೆ. 400 ಡಿಗ್ರಿ ದಾಟಿದ ಮೇಲೆ ಈ ನಿರ್ಗಮನ ಚುರುಕಾಗುತ್ತದೆ. ಉಳಿಯುವುದು ಶುದ್ಧ ಹೈಡ್ರಾಕ್ಸಿಅಪಟೈಟ್‌ಗೆ ಹತ್ತಿರವಾದ, ಆಮ್ಲಕ್ಕೆ ಸುಲಭವಾಗಿ ಬಗ್ಗದ ಹರಳು. ಪುಟವಿಟ್ಟ ಚಿನ್ನದಿಂದ ಕಲಬೆರಕೆ ಕಳೆದಂತೆ ಇಲ್ಲಿಯೂ ಬೆಂಕಿಯೇ ಶೋಧಕ.

ಲೇಸರ್ ಹಲ್ಲನ್ನು ಉಳಿಸುವುದು ಈ ಒಂದೇ ದಾರಿಯಲ್ಲಿ ಎಂದು ಎಲ್ಲರೂ ಒಪ್ಪಿಲ್ಲ. ಜಪಾನಿನ ಓಹೋ ಮತ್ತು ಮೊರಿಯೊಕ 1990ರಲ್ಲಿ ಬೇರೊಂದು ವಿವರಣೆ ಮುಂದಿಟ್ಟರು. ಲೇಸರ್ ಬಿದ್ದ ಎನಾಮೆಲ್ಲಿನಲ್ಲಿ ಅತಿಸಣ್ಣ ಪೊಟರೆಗಳು ಹುಟ್ಟುತ್ತವೆ, ಆಮ್ಲಕ್ಕೆ ಕರಗಿದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಹೊರಗೆ ಓಡದೆ ಅಲ್ಲೇ ಸಿಕ್ಕಿಬಿದ್ದು ಮತ್ತೆ ಹರಳಾಗುತ್ತವೆ ಎಂಬುದು ಅವರ ವಾದ. 2000ದಲ್ಲಿ ಸ್ಟೀಫನ್ ಹ್ಸು ಮತ್ತು ಸಂಗಡಿಗರು ಹರಳುಗಳ ನಡುವಿನ ಪ್ರೋಟೀನಿನ ಕಡೆ ಬೆರಳು ತೋರಿದರು. ಹದವಾದ ಕಾವಿಗೆ ಅದು ಅರೆಬೆಂದು ಉಬ್ಬಿ, ಆಮ್ಲ ಒಳನುಗ್ಗುವ ಓಣಿಗಳನ್ನು ಮುಚ್ಚುತ್ತದೆ. ಇದು ನಿಜವಾದರೆ ಎನಾಮೆಲ್ ಕರಗುವಷ್ಟು ಶಾಖವೇ ಬೇಡ. ಪ್ರಾಯಶಃ ಎಲ್ಲ ಕ್ರಿಯೆಗಳೂ ಒಟ್ಟಿಗೆ ನಡೆಯುತ್ತವೆ, ಕಾವು ಎಷ್ಟೆಂಬುದರ ಮೇಲೆ ಒಂದೊಂದರ ಪಾಲು ಹೆಚ್ಚುಕಡಿಮೆಯಾಗುತ್ತದೆ.

ಹದ ತಪ್ಪಿದರೆ ಮಾತ್ರ ಆಟ ಕೆಡುತ್ತದೆ. ಅತಿಯಾದ ಶಾಖಕ್ಕೆ ಹೈಡ್ರಾಕ್ಸಿಅಪಟೈಟ್ ಒಡೆದು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆಗಬಹುದು, ಅದು ಆಮ್ಲದಲ್ಲಿ ಇನ್ನೂ ಬೇಗ ಕರಗುತ್ತದೆ. ತಟ್ಟನೆ ಬಿಸಿಯಾಗಿ ತಣ್ಣಗಾದ ಮೇಲ್ಮೈಯಲ್ಲಿ ಬಿರುಕು ಬಿಟ್ಟರೆ ಬ್ಯಾಕ್ಟೀರಿಯಾಕ್ಕೆ ಹೊಸ ಗೂಡು. ಎಲ್ಲಕ್ಕಿಂತ ದೊಡ್ಡ ಭಯ ಹಲ್ಲಿನ ಒಳಗಿರುವ ಜೀವಂತ ತಿರುಳಿನದು. 1965ರಲ್ಲೇ ಝಾಕ್ ಮತ್ತು ಕೊಹೆನ್ ರೀಸಸ್ ಕೋತಿಗಳ ಹಲ್ಲುಗಳಿಗೆ ಶಾಖ ಕೊಟ್ಟು ನೋಡಿದ್ದರು. ತಿರುಳಿನ ಉಷ್ಣತೆ 5.5 ಡಿಗ್ರಿ ಏರಿದರೆ ಸುಮಾರು ಶೇ. 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಇಂದಿಗೂ ಹಲ್ಲಿಗೆ ಕಾವು ಕೊಡುವ ಯಾವುದೇ ಉಪಕರಣಕ್ಕೆ ಈ 5.5 ಡಿಗ್ರಿಯೇ ಗಡಿರೇಖೆ. ಮೇಲೆ ನೂರಾರು ಡಿಗ್ರಿ ಬೇಕು, ಎರಡು ಮಿಲಿಮೀಟರ್ ಆಳದಲ್ಲಿ ಐದೂವರೆ ಡಿಗ್ರಿಯೂ ಏರಕೂಡದು. ಸಂಶೋಧಕರಿಗೆ ಎದುರಾದ ಒಗಟು ಇದು.

ಮಾಣಿಕ್ಯ ಲೇಸರ್ ಇಲ್ಲೇ ಸೋತಿತು. ಅದರ ಕೆಂಪು ಬೆಳಕನ್ನು ಎನಾಮೆಲ್ ಸರಿಯಾಗಿ ಹೀರುವುದಿಲ್ಲ. ಬೆಳಕು ಒಳಗೆ ಹಾಯ್ದು ತಿರುಳನ್ನು ಬೇಯಿಸುತ್ತದೆ. ನಂತರ ಬಂದ ಎನ್‌ಡಿ-ಯಾಗ್ ಲೇಸರ್‌ನದೂ ಅದೇ ಸಮಸ್ಯೆ. ಅದರ 1.064 ಮೈಕ್ರೊಮೀಟರ್ ತರಂಗ ಎನಾಮೆಲ್ಲಿನ ಮೂಲಕ ಸಲೀಸಾಗಿ ಸಾಗುತ್ತದೆ. 1970ರ ದಶಕದಲ್ಲಿ ಈ ಲೇಸರನ್ನು ಹುಳುಕು ತಡೆಗೆ ಬಳಸಲು ಹೊರಟ ಜಪಾನಿನ ಯಮಮೊಟೊ ತಂಡ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿತು. ಹಲ್ಲಿಗೆ ಕಪ್ಪು ಬಣ್ಣ ಬಳಿದು ಅದರ ಮೇಲೆ ಬೆಳಕು ಬಿಟ್ಟರೆ ಕಪ್ಪು ಬೆಳಕನ್ನು ಹಿಡಿದಿಟ್ಟು ಮೇಲ್ಮೈಯಷ್ಟನ್ನೇ ಕಾಯಿಸುತ್ತದೆ. ಉಪಾಯ ಫಲಿಸಿತು. ಆದರೆ ಬಣ್ಣ ಬಳಿಯುವುದು, ಆಮೇಲೆ ಹಲ್ಲಿನ ಸೀಳುಗಳಿಂದ ಅದನ್ನು ತೆಗೆಯುವುದು ಪುಟ್ಟ ಮಕ್ಕಳ ಬಾಯಲ್ಲಿ ಸುಲಭದ ಕೆಲಸವಲ್ಲ.

ಒಗಟಿನ ಬೀಗದ ಕೈ ಬೇರೊಂದು ಲೇಸರ್‌ನಲ್ಲಿತ್ತು. ಅದನ್ನು ರೂಪಿಸಿದವರು ಭಾರತೀಯರು ಎಂಬುದನ್ನು ದಂತವೈದ್ಯಕೀಯದ ಪಾಠಗಳಲ್ಲಿ ಹೆಚ್ಚಾಗಿ ಹೇಳುವುದಿಲ್ಲ, ಹೇಳಬೇಕು. ಮಹಾರಾಷ್ಟ್ರದ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸಿ. ಕುಮಾರ್ ಎನ್. ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದರು. ಕಣ್ಣಿಗೆ ಕಾಣದ ಅದರ ಅವಕೆಂಪು ಕಿರಣಗಳ ಅಲೆಯುದ್ದ 9ರಿಂದ 11 ಮೈಕ್ರೊಮೀಟರ್. ಎನಾಮೆಲ್ಲಿನ ಫಾಸ್ಫೇಟ್ ಅತಿ ಜೋರಾಗಿ ಹೀರುವುದೂ ಇದೇ ಪಟ್ಟಿಯ ಬೆಳಕನ್ನು. ಕಾರ್ಖಾನೆಯಲ್ಲಿ ಉಕ್ಕು ಕತ್ತರಿಸಲು, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಲು ಹೋದ ಲೇಸರ್, ಹಲ್ಲಿನ ಹರಳಿಗೂ ಹೇಳಿ ಮಾಡಿಸಿದಂತೆ ಹೊಂದಿತು.

ಆದರೆ ಆ ಪಟ್ಟಿಯೊಳಗೂ ಎಲ್ಲ ಅಲೆಗಳು ಸಮನಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಯಂತ್ರಗಳೆಲ್ಲ 10.6 ಮೈಕ್ರೊಮೀಟರಿನವು. ನ್ಯೂಜಿಲೆಂಡ್ ಮೂಲದ ಜಾನ್ ಫೆದರ್‌ಸ್ಟೋನ್ 1980ರ ದಶಕದಲ್ಲಿ ರೋಚೆಸ್ಟರ್‌ನ ಈಸ್ಟ್‌ಮನ್ ದಂತಕೇಂದ್ರದಲ್ಲಿ, ನಂತರ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಡೇನಿಯಲ್ ಫ್ರೀಡ್ ಜೊತೆಗೂಡಿ ಒಂದೊಂದು ಅಲೆಯನ್ನೂ ಬೇರೆಬೇರೆಯಾಗಿ ಅಳೆದು ನೋಡಿದರು. 9.3 ಮತ್ತು 9.6 ಮೈಕ್ರೊಮೀಟರ್ ಅಲೆಗಳನ್ನು ಎನಾಮೆಲ್ ತುಂಬ ಹೆಚ್ಚಾಗಿ ಹೀರುತ್ತದೆ. 9.6ರ ಅಲೆಯನ್ನಂತೂ 10.6ರದಕ್ಕಿಂತ ಸುಮಾರು ಹತ್ತುಪಟ್ಟು. ಅಂದರೆ ಬೆಳಕಿನ ಶಕ್ತಿಯೆಲ್ಲ ಮೇಲಿನ ಒಂದೆರಡು ಮೈಕ್ರೊಮೀಟರಿನಲ್ಲೇ ಖರ್ಚಾಗುತ್ತದೆ. ಮಿಡಿತವನ್ನು ಸೆಕೆಂಡಿನ ಲಕ್ಷದ ಒಂದೆರಡು ಭಾಗದಷ್ಟು ಚುಟುಕಾಗಿಸಿದರೆ ಶಾಖ ಕೆಳಗಿಳಿಯುವ ಮೊದಲೇ ಕೆಲಸ ಮುಗಿದಿರುತ್ತದೆ. ಮೇಲೆ ನೂರಾರು ಡಿಗ್ರಿ, ತಿರುಳಿನಲ್ಲಿ ಗಮನಕ್ಕೆ ಬಾರದಷ್ಟು ಏರಿಕೆ. ಪ್ರಯೋಗಾಲಯದಲ್ಲಿ ಕೃತಕ ಹುಳುಕಿನ ಎದುರು ಹೀಗೆ ಕಾದ ಎನಾಮೆಲ್ ಶೇ. 85ರವರೆಗೆ ಖನಿಜನಷ್ಟವನ್ನು ತಡೆಯಿತು.

ಕಿತ್ತ ಹಲ್ಲಿನಲ್ಲಿ ಗೆದ್ದದ್ದು ಬಾಯಲ್ಲಿ ಗೆಲ್ಲಬೇಕೆಂದಿಲ್ಲ. ಆ ಪರೀಕ್ಷೆ ನಡೆಸಿದವರು ಅದೇ ಸ್ಯಾನ್ ಫ್ರಾನ್ಸಿಸ್ಕೊದ ಪೀಟರ್ ರೆಕ್‌ಮನ್. ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಕಟ್ಟೋಣವೇ ಮೆಚ್ಚುವಂಥದು. ವಕ್ರ ಹಲ್ಲುಗಳನ್ನು ಸರಿಪಡಿಸಿಕೊಳ್ಳಲು ಬರುವ ಹದಿಹರೆಯದವರಲ್ಲಿ ಕೆಲವರಿಗೆ ಜಾಗ ಮಾಡಲು ಮುಂದವಡೆಯ ಹಲ್ಲುಗಳನ್ನು ಕೀಳಲೇಬೇಕಾಗುತ್ತದೆ. ಹೇಗೂ ಹೋಗುವ ಆ ಹಲ್ಲಿಗೆ ಒಂದು ಬ್ರ್ಯಾಕೆಟ್ ಅಂಟಿಸಿ, ಅದರ ಅಂಚಿನ ಒಂದು ಬದಿಗೆ 9.6 ಮೈಕ್ರೊಮೀಟರ್ ಲೇಸರ್ ಕೊಟ್ಟರು, ಇನ್ನೊಂದು ಬದಿಯನ್ನು ಹಾಗೇ ಬಿಟ್ಟರು. ಬ್ರ್ಯಾಕೆಟ್ ಸುತ್ತ ಆಹಾರ ಸಿಕ್ಕಿ ಹುಳುಕು ಬೇಗ ಹುಟ್ಟುತ್ತದೆ ಎಂಬುದು ಕ್ಲಿಪ್ ಹಾಕಿಸಿಕೊಂಡವರಿಗೆಲ್ಲ ತಿಳಿದದ್ದೇ. 24 ಮಂದಿ ಭಾಗವಹಿಸಿದರು, ಎಲ್ಲರೂ ಫ್ಲೋರೈಡ್ ಪೇಸ್ಟಿನಿಂದಲೇ ಹಲ್ಲುಜ್ಜಿದರು. ಕೆಲವರ ಹಲ್ಲುಗಳನ್ನು ನಾಲ್ಕು ವಾರಗಳಿಗೆ, ಉಳಿದವರದನ್ನು ಹನ್ನೆರಡು ವಾರಗಳಿಗೆ ಕಿತ್ತು, ಸೀಳಿ, ಗಡಸುತನ ಅಳೆದರು. ಲೇಸರ್ ಬಿದ್ದ ಕಡೆ ಖನಿಜನಷ್ಟ ನಾಲ್ಕು ವಾರಗಳಲ್ಲಿ ಶೇ. 46ರಷ್ಟು, ಹನ್ನೆರಡು ವಾರಗಳಲ್ಲಿ ಶೇ. 87ರಷ್ಟು ಕಡಿಮೆಯಿತ್ತು. ಒಬ್ಬರದೇ ಬಾಯಿ, ಒಂದೇ ಹಲ್ಲು, ಅದೇ ಜೊಲ್ಲು, ಅದೇ ಊಟ, ಬದಲಾದದ್ದು ಬೆಳಕೊಂದೇ.

ಇದೇ ತಂಡ 2013ರಲ್ಲಿ ದವಡೆಹಲ್ಲಿನ ಅಗಿಯುವ ಮೇಲ್ಮೈಗೆ ಲೇಸರ್ ಪ್ರಯೋಗಿಸಿತು. 20 ಮಂದಿಯ ಬಾಯಲ್ಲಿ ಎರಡೂ ಬದಿಯ ಹಲ್ಲಿಗೂ ಫ್ಲೋರೈಡ್ ವಾರ್ನಿಶ್, ಒಂದು ಬದಿಗೆ ಮಾತ್ರ ಲೇಸರ್. ವರ್ಷ ಕಳೆದ ಮೇಲೆ ಲೇಸರ್ ಸೇರಿದ ಬದಿ ಉತ್ತಮ ಸ್ಥಿತಿಯಲ್ಲಿತ್ತು. ಇದಕ್ಕೂ ಮುನ್ನ 2009ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಡೆನಿಸ್ ಝೆಜೆಲ್ ತಂಡ ಎನ್‌ಡಿ-ಯಾಗ್ ಲೇಸರ್ ಮತ್ತು ಫ್ಲೋರೈಡನ್ನು ಜೊತೆಗೂಡಿಸಿ ಮಕ್ಕಳ ಹಲ್ಲುಗಳನ್ನು ಒಂದು ವರ್ಷ ಗಮನಿಸಿತ್ತು. ಬಿಳಿ ಮಚ್ಚೆ ಮತ್ತು ಹುಳುಕು ಶೇ. 39ರಷ್ಟು ಕಡಿಮೆಯಾಗಿದ್ದವು.

ಈ ಎರಡೂ ಪ್ರಯೋಗಗಳಲ್ಲಿ ಫ್ಲೋರೈಡ್ ಜೊತೆಗಿತ್ತು ಎಂಬುದು ಗಮನಿಸಬೇಕಾದ ಅಂಶ. ಲೇಸರ್ ಮತ್ತು ಫ್ಲೋರೈಡ್ ಪರಸ್ಪರ ಎದುರಾಳಿಗಳೆಂಬ ಭಾವನೆ ಮಾರಾಟದ ಮಾತುಗಳಲ್ಲಿ ಕೇಳಿಬರುತ್ತದೆ, ಪ್ರಯೋಗಗಳು ಹೇಳುವುದು ತದ್ವಿರುದ್ಧ. ಹರಳಿನ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಬಂದು ಕೂತರೆ ಫ್ಲೋರ್‌ಅಪಟೈಟ್ ಹುಟ್ಟುತ್ತದೆ, ಅದು ಕರಗಲು ಪಿಎಚ್ 4.5ಕ್ಕೆ ಇಳಿಯಬೇಕು. ಲೇಸರ್ ಕಂಡ ಎನಾಮೆಲ್ ಫ್ಲೋರೈಡನ್ನು ಹೆಚ್ಚು ಹೀರಿ ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು 1980ರ ದಶಕದಿಂದಲೂ ಹಲವು ಪ್ರಯೋಗಾಲಯಗಳು ಕಂಡಿವೆ. ಒಂದು ಹರಳಿನ ದೌರ್ಬಲ್ಯವನ್ನು ತೆಗೆಯುತ್ತದೆ, ಇನ್ನೊಂದು ಆ ಹರಳಿಗೆ ಬಲ ತುಂಬುತ್ತದೆ.

ಅರವತ್ತು ವರ್ಷಗಳ ಈ ಕೆಲಸ ಇನ್ನೂ ಸಾಮಾನ್ಯ ದಂತಚಿಕಿತ್ಸಾಲಯದ ಬಾಗಿಲು ದಾಟಿಲ್ಲ. ಕಾರಣ ಲೇಸರ್ ನಿಷ್ಪ್ರಯೋಜಕ ಎಂಬುದಲ್ಲ. ಮೊದಲನೆಯದಾಗಿ ಸಾಕ್ಷ್ಯದ ಗಾತ್ರ ಚಿಕ್ಕದು. ಇಪ್ಪತ್ತು, ಇಪ್ಪತ್ನಾಲ್ಕು ಮಂದಿಯ ಮೇಲೆ ನಡೆದ ಪ್ರಯೋಗ ದಾರಿ ತೋರಬಲ್ಲದೇ ಹೊರತು ಕೋಟ್ಯಂತರ ಮಕ್ಕಳಿಗೆ ಅನ್ವಯಿಸುವ ನೀತಿಗೆ ಆಧಾರವಾಗಲಾರದು. ಅಧ್ಯಯನಗಳನ್ನು ಒಟ್ಟುಹಾಕಿ ತೂಗಿದ ಸಮೀಕ್ಷೆಗಳು ಮತ್ತೆಮತ್ತೆ ಒಂದೇ ಗೋಡೆಗೆ ಬಂದು ನಿಂತಿವೆ. ಒಬ್ಬರ ಲೇಸರ್ ಎರ್ಬಿಯಂ, ಇನ್ನೊಬ್ಬರದು ಆರ್ಗನ್, ಮತ್ತೊಬ್ಬರದು ಕಾರ್ಬನ್ ಡೈಆಕ್ಸೈಡ್. ಒಬ್ಬರು ಫ್ಲೋರೈಡನ್ನು ಮೊದಲು ಬಳಿದರೆ ಇನ್ನೊಬ್ಬರು ಆಮೇಲೆ. ಶಕ್ತಿ, ಮಿಡಿತ, ದೂರ ಯಾವುದೂ ಒಂದೇ ಇಲ್ಲ. ಇವನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಸಿಗುವ ಅಂಕಿಗೆ ಅರ್ಥವಿಲ್ಲ.

ಎರಡನೆಯ ಕಾರಣ ಹೆಚ್ಚು ಕಟುವಾದದ್ದು. ಲೇಸರ್ ಚಿಕಿತ್ಸಾಲಯಕ್ಕೆ ಬರುವ ಮೊದಲೇ ಅಗ್ಗದ, ಪರೀಕ್ಷಿತ ದಾರಿಗಳು ಅಲ್ಲಿದ್ದವು. 1945ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿತು. 1955ರಲ್ಲಿ ಅದೇ ಈಸ್ಟ್‌ಮನ್ ಕೇಂದ್ರದ ಮೈಕಲ್ ಬ್ಯುನೊಕೋರ್ ಎನಾಮೆಲ್ಲನ್ನು ಆಮ್ಲದಿಂದ ಒರಟುಮಾಡಿ ಅದರ ಮೇಲೆ ರಾಳ ಅಂಟಿಸುವುದನ್ನು ತೋರಿಸಿದರು. ದವಡೆಹಲ್ಲಿನ ಸೀಳುಗಳನ್ನು ಮುಚ್ಚುವ ಸೀಲಂಟ್ ಅದರಿಂದ ಹುಟ್ಟಿತು. 1960ರ ದಶಕದ ನಡುವೆ ಜರ್ಮನಿಯಿಂದ ಫ್ಲೋರೈಡ್ ವಾರ್ನಿಶ್ ಬಂತು. ಜಪಾನಿನಿಂದ ಬಂದ ಸಿಲ್ವರ್ ಡೈಅಮೀನ್ ಫ್ಲೋರೈಡ್‌ನ ಒಂದು ಹನಿ, ಶುರುವಾಗಿರುವ ಹುಳುಕನ್ನೂ ಅಲ್ಲೇ ನಿಲ್ಲಿಸುತ್ತದೆ. ಹುಳುಕಿನ ಜಾಗ ಕಪ್ಪಾಗುತ್ತದೆ ಎಂಬುದು ಅದರ ದೊಡ್ಡ ಕೊರತೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಗತ್ಯ ಔಷಧಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟ್, ಗ್ಲಾಸ್ ಅಯೋನೊಮರ್ ಸಿಮೆಂಟ್ ಜೊತೆಗೆ ಇದನ್ನೂ ಸೇರಿಸಿತು. ಇವಕ್ಕೆ ವಿದ್ಯುತ್ತು ಬೇಡ, ಹವಾನಿಯಂತ್ರಿತ ಕೋಣೆ ಬೇಡ. ತರಬೇತಿ ಪಡೆದ ದಾದಿಯೊಬ್ಬರು ಶಾಲೆಯ ಜಗಲಿಯಲ್ಲೇ ವಾರ್ನಿಶ್ ಬಳಿಯಬಹುದು. ಗಟ್ಟಿ ಅಂಗಾಂಶಕ್ಕೆ ಬಳಸುವ ಲೇಸರ್ ಯಂತ್ರದ ಬೆಲೆಯಾದರೋ ಹತ್ತಾರು ಲಕ್ಷ ರೂಪಾಯಿ.

ಹುಳುಕು ಎಲ್ಲಿದೆ ಎಂದು ನೋಡಿದರೆ ಈ ವ್ಯತ್ಯಾಸ ಇನ್ನೂ ಚುಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ, 51 ಕೋಟಿ ಮಕ್ಕಳ ಹಾಲುಹಲ್ಲುಗಳಲ್ಲಿ ಚಿಕಿತ್ಸೆ ಕಾಣದ ಹುಳುಕಿದೆ. ಭಾರತೀಯ ದಂತವೈದ್ಯಕೀಯ ಮಂಡಳಿ 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಶೇ. 51.9, ಹನ್ನೆರಡರವರಲ್ಲಿ ಶೇ. 53.8, ಮೂವತ್ತೈದರಿಂದ ನಲವತ್ತನಾಲ್ಕರವರಲ್ಲಿ ಶೇ. 80.2 ಮಂದಿಗೆ ಹುಳುಕಿತ್ತು. ಇಷ್ಟು ಜನರಿಗೆ ಒಬ್ಬೊಬ್ಬರಂತೆ ಕಿರಣ ಹಾಯಿಸುವ ಯೋಜನೆ ಯಾವ ಸರ್ಕಾರದ ಕೈಯಲ್ಲೂ ಆಗದು. ಮೊದಲು ಬೇಕಾದದ್ದು ಫ್ಲೋರೈಡ್ ಪೇಸ್ಟು, ವಾರ್ನಿಶ್, ಸೀಲಂಟ್, ಸಕ್ಕರೆಗೆ ಕಡಿವಾಣ. ಲೇಸರ್ ಈ ಸಾಲಿನಲ್ಲಿ ಕೊನೆಯದೇ ಸರಿ.

ಕೊನೆಯದು ಎಂದರೆ ಬೇಡದ್ದು ಎಂದಲ್ಲ. ವಾರ್ನಿಶ್ ವರ್ಷಕ್ಕೆರಡು ಸಲ ಬಳಿಯಬೇಕು, ಸೀಲಂಟ್ ಕಾಲಕ್ರಮದಲ್ಲಿ ಕಿತ್ತುಬರುತ್ತದೆ, ಪೇಸ್ಟಿಗೆ ದಿನನಿತ್ಯದ ಶಿಸ್ತು ಬೇಕು. ಲೇಸರ್ ಬದಲಿಸುವುದು ಹಲ್ಲಿನ ಮೈಯನ್ನೇ. ಮೇಲೆ ಅಂಟಿಸಿದ್ದೇನೂ ಇಲ್ಲದ್ದರಿಂದ ಕಿತ್ತುಬರಲು ಏನೂ ಇಲ್ಲ. ಆ ಬದಲಾದ ಪದರ ಅಗಿತಕ್ಕೆ, ಉಜ್ಜುವಿಕೆಗೆ ಎಷ್ಟು ವರ್ಷ ತಾಳುತ್ತದೆ ಎಂಬುದು ಸಂಶೋಧನೆಯ ಮುಂದಿರುವ ಮುಖ್ಯ ಪ್ರಶ್ನೆ. ಹುಳುಕು ಹೆಚ್ಚಾಗಿ ಶುರುವಾಗುವ ಸೀಳುಗಳ ತಳಕ್ಕೆ ಬ್ರಶ್ಶಿನ ಎಳೆಯೂ ತಲುಪುವುದಿಲ್ಲ, ಎದುರು ಹಲ್ಲೂ ತಾಗುವುದಿಲ್ಲ. ಹಾಗಾಗಿ ಅಲ್ಲಿ ಸವೆತ ಕಡಿಮೆಯಿರಬೇಕು. ಆರನೇ ವಯಸ್ಸಿನ ದವಡೆಹಲ್ಲು ಪೂರ್ತಿ ಮೂಡುವ ಮೊದಲು ಜೊಲ್ಲಿನ ತೇವದಲ್ಲಿ ಸೀಲಂಟ್ ಸರಿಯಾಗಿ ಕೂರುವುದಿಲ್ಲ. ಆ ಮಧ್ಯಂತರದ ತಿಂಗಳುಗಳಲ್ಲಿ ಲೇಸರ್ ನೆರವಾಗಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಕರ್ನಾಟಕದ ಮಟ್ಟಿಗೆ ಇನ್ನೊಂದು ತೊಡಕಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಗದಗದ ಮುಂಡರಗಿ, ಕೊಪ್ಪಳ, ರಾಯಚೂರಿನ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳಿತು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಹಲ್ಲು ಗಟ್ಟಿ ಎಂಬ ಲೆಕ್ಕ ಇಲ್ಲಿ ನಡೆಯದು. ಅಂಥ ಎನಾಮೆಲ್ಲಿನ ಮೇಲ್ಪದರದ ಕೆಳಗೆ ರಂಧ್ರಗಳು ಹೆಚ್ಚು, ಹುಳುಕೂ ಬರುತ್ತದೆ. ಫ್ಲೋರೈಡ್ ಎಂಬ ಹೆಸರಿಗೇ ಅಂಜುವ ಈ ಊರುಗಳ ತಂದೆತಾಯಿಗೆ, ಫ್ಲೋರೈಡ್ ಇಲ್ಲದೆಯೂ ಒಂದಷ್ಟು ರಕ್ಷಣೆ ಕೊಡುವ ದಾರಿ ಇದ್ದರೆ ಅದಕ್ಕೆ ಬೆಲೆಯಿದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೊದ ಆರೋಗ್ಯವಂತ ಎನಾಮೆಲ್ಲಿನ ಮೇಲೆ ಕಂಡ ಶಕ್ತಿಯ ಪ್ರಮಾಣವನ್ನು ಪಾವಗಡದ ಕಲೆಯಾದ ಹಲ್ಲಿನ ಮೇಲೆ ಹಾಗೆಯೇ ಇಳಿಸಲಾಗದು. ರಂಧ್ರಗಳಿರುವ ಹರಳು ಬೆಳಕಿಗೂ ಶಾಖಕ್ಕೂ ಬೇರೆಯೇ ರೀತಿ ಓಗೊಡುತ್ತದೆ. ಆ ಅಳತೆ ಇಲ್ಲಿಯ ಹಲ್ಲುಗಳ ಮೇಲೆ ಇಲ್ಲಿಯೇ ಆಗಬೇಕು.

ಈ ನಡುವೆ ನಗರಗಳ ದಂತಚಿಕಿತ್ಸಾಲಯಗಳ ಫಲಕಗಳಲ್ಲಿ ಲೇಸರ್ ಎಂಬ ಹೆಸರು ರಾರಾಜಿಸುತ್ತಿದೆ. ಅಲ್ಲಿ ಸಾಮಾನ್ಯವಾಗಿ ಇರುವುದು ಡಯೋಡ್ ಲೇಸರ್. ವಸಡಿನ ಶಸ್ತ್ರಚಿಕಿತ್ಸೆಗೆ ಅದು ಒಳ್ಳೆಯ ಉಪಕರಣ, ಆದರೆ ಅದರ ಬೆಳಕನ್ನು ಎನಾಮೆಲ್ ಹೀರುವುದೇ ಅಪರೂಪ. 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದಿಂದ ಹಲ್ಲು ಕೊರೆಯಲು ಒಪ್ಪಿಗೆ ಪಡೆದ ಎರ್ಬಿಯಂ ಯಾಗ್ ಲೇಸರ್ ಎನಾಮೆಲ್ಲಿನ ನೀರನ್ನು ಸ್ಫೋಟಿಸಿ ಕತ್ತರಿಸುತ್ತದೆ. ಕಡಿಮೆ ಶಕ್ತಿಯಲ್ಲಿ ಅದನ್ನೂ ಹುಳುಕು ತಡೆಗೆ ಬಳಸಿ ನೋಡಿದ್ದಾರೆ, ಫಲ ಒಮ್ಮೆ ಸಿಹಿ ಒಮ್ಮೆ ಕಹಿ. ಸೂಕ್ಷ್ಮ ಬಿರುಕುಗಳ ಕಾಟ ಬೇರೆ. 9.3 ಮೈಕ್ರೊಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ಅಮೆರಿಕದ ಪೇಟೆಗೆ ಬಂದದ್ದೇ 2013ರಲ್ಲಿ. ಮಗುವಿನ ಹಲ್ಲನ್ನು ಲೇಸರ್‌ನಿಂದ ಗಟ್ಟಿಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಯಾವ ಲೇಸರ್, ಅಲೆಯುದ್ದ ಎಷ್ಟು, ಫ್ಲೋರೈಡ್ ಜೊತೆಗಿದೆಯೇ ಎಂದು ಕೇಳುವ ಹಕ್ಕು ಹೆತ್ತವರಿಗಿದೆ. ಉತ್ತರ ತೊದಲಿದರೆ ವಾರ್ನಿಶ್ ಬಳಿಸಿಕೊಂಡು ಮನೆಗೆ ಬರುವುದು ಕ್ಷೇಮ.

ದೊಡ್ಡ ಪ್ರಯೋಗ ನಡೆಯದಿರಲು ಒಂದು ಪ್ರಾಮಾಣಿಕ ಅಡ್ಡಿಯೂ ಇದೆ. ಸಾಧಾರಣ ಮಗುವಿನ ಹಲ್ಲಿನಲ್ಲಿ ಹುಳುಕು ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಅಷ್ಟು ದಿನ ನೂರಾರು ಮಕ್ಕಳ ಬೆನ್ನು ಹಿಡಿಯುವುದು ದುಬಾರಿ. ಆದರೆ ಹುಳುಕು ತಿಂಗಳುಗಳಲ್ಲೇ ನುಗ್ಗುವ ಒಂದು ಗುಂಪು ಈ ರಾಜ್ಯದಲ್ಲಿ ದೊಡ್ಡದಾಗಿಯೇ ಇದೆ. ತಂಬಾಕು, ಗುಟ್ಕಾಗಳ ಕಾರಣ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೊತ್ತು ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಿಗೆ ಬರುವವರಲ್ಲಿ ಬಹಳ ಮಂದಿಗೆ ವಿಕಿರಣ ಚಿಕಿತ್ಸೆ ಅನಿವಾರ್ಯ. ಆ ವಿಕಿರಣ ಜೊಲ್ಲುಗ್ರಂಥಿಗಳನ್ನು ಒಣಗಿಸುತ್ತದೆ. ಆಮ್ಲವನ್ನು ತೊಳೆಯುವವರೇ ಇಲ್ಲದ ಬಾಯಲ್ಲಿ ಹಲ್ಲುಗಳು ವಸಡಿನ ಅಂಚಿನಿಂದ ಸುತ್ತಲೂ ಹುಳುಕತೊಡಗುತ್ತವೆ, ಕ್ಯಾನ್ಸರ್ ಗೆದ್ದವರು ಹಲ್ಲು ಸೋಲುತ್ತಾರೆ. ವಿಕಿರಣ ಕಂಡ ದವಡೆಯಿಂದ ಹಲ್ಲು ಕಿತ್ತರೆ ಮೂಳೆ ಕೊಳೆಯುವ ಅಪಾಯವಿರುವುದರಿಂದ ಕೀಳುವುದೂ ಸುಲಭವಲ್ಲ. ದಿನವೂ ಫ್ಲೋರೈಡ್ ಜೆಲ್ ತುಂಬಿದ ಅಚ್ಚನ್ನು ಹಲ್ಲಿಗೆ ಕಚ್ಚಿಕೊಳ್ಳಿ ಎಂದು ಅವರಿಗೆ ಹೇಳಲಾಗುತ್ತದೆ. ಬಾಯಿ ಹುಣ್ಣಾಗಿ ನೀರು ನುಂಗುವುದೂ ಕಷ್ಟವಾಗಿರುವವರು ಅದನ್ನು ತಿಂಗಳುಗಟ್ಟಲೆ ಪಾಲಿಸುವುದು ಕಡಿಮೆ.

ಇವರಲ್ಲಿ ಲೇಸರ್‌ನ ಪರೀಕ್ಷೆ ನಡೆಸಲು ಬೇಕಾದದ್ದೆಲ್ಲ ಕರ್ನಾಟಕದಲ್ಲಿದೆ. ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳು ಇಲ್ಲಿವೆ. ಮಣಿಪಾಲದಂಥ ಕಡೆ ದಂತವೈದ್ಯ ಕಾಲೇಜು ಮತ್ತು ಕ್ಯಾನ್ಸರ್ ಚಿಕಿತ್ಸೆ ಒಂದೇ ಆವರಣದಲ್ಲಿ ಸಿಗುತ್ತವೆ. ವಿಕಿರಣ ಶುರುವಾಗುವ ಮೊದಲೇ ಬಾಯಿಯ ಒಂದು ಬದಿಯ ಹಲ್ಲುಗಳಿಗೆ 9.3 ಅಥವಾ 9.6 ಮೈಕ್ರೊಮೀಟರ್ ಕಿರಣ ಕೊಟ್ಟು, ಎರಡೂ ಬದಿಗೆ ಫ್ಲೋರೈಡ್ ವಾರ್ನಿಶ್ ಬಳಿದು, ಮೂರು ತಿಂಗಳಿಗೊಮ್ಮೆ ಹಲ್ಲಿನ ಕತ್ತನ್ನು ನೋಡುತ್ತ ಹೋದರೆ, ಸಾಧಾರಣ ಮಕ್ಕಳಲ್ಲಿ ವರ್ಷಗಟ್ಟಲೆ ಕಾಯಬೇಕಾದ ಉತ್ತರ ಇಲ್ಲಿ ಒಂದೇ ವರ್ಷದಲ್ಲಿ ಸಿಗಬಹುದು.